ಮದ್ದೆನಿಸಿಕೊಂಡ ವಿಷ: ಹೊಲ, ಹೂದೋಟಗಳಲ್ಲಿ ಕೀಟನಾಶಕಗಳ ಸುರಕ್ಷಿತ ಬಳಕೆ

ಬೇರಿಕೆಯ ಸುತ್ತಮುತ್ತ ಮೂರು ಭಾಷೆಗಳು ಬಳಕೆಯಲ್ಲಿವೆ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಕನ್ನಡಿಗರು ‘ಔಷಧಿ’ ಅಥವಾ ‘ಮದ್ದು’ ಎನ್ನುತ್ತಾರೆ. ತಮಿಳರು ‘ಮರುಂದು’ ಎನ್ನುತ್ತಾರೆ. ತೆಲುಗರು ‘ಮಂದು’ ಎನ್ನುತ್ತಾರೆ. ಮೂರು ಮಾತುಗಳ ಅರ್ಥವೂ ಒಂದೇ: ಕಾಯಿಲೆಯನ್ನು ವಾಸಿಮಾಡುವ ವಸ್ತು. ಹೀಗೆ ವಿಷವೊಂದು ನಮ್ಮ ಮೂರು ಭಾಷೆಗಳಲ್ಲಿಯೂ ಔಷಧದ ಹೆಸರನ್ನು ಪಡೆದುಕೊಂಡಿದೆ. ಹೆಸರು ಔಷಧಿ ಎಂದಾದ ಮೇಲೆ ಅದನ್ನು ಮನೆಯೊಳಗೆ ಇಟ್ಟುಕೊಳ್ಳಲು, ಬರಿಗೈಯಿಂದ ಕಲಕಲು, ‘ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಗುಣವಾಗುತ್ತದೆ’ ಎಂದು ಭಾವಿಸಲು ಯಾರಿಗೂ ಅಳುಕಾಗುವುದಿಲ್ಲ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಉಪಯುಕ್ತವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾನು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಶಾಲೆಯಲ್ಲಿ ಕಲಿತವರಲ್ಲಿ ಬಹುಪಾಲು ಜನ ರೈತರ ಮನೆಯ ಮಕ್ಕಳು. ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ನಮ್ಮ ಹಿರಿಯರಿಗೆ ಕೀಟನಾಶಕದ ಅಗತ್ಯ ಬೀಳುತ್ತಿದ್ದುದು ಅಪರೂಪ. ಇಂದು ಹೊಸೂರು, ಬಾಗಲೂರು, ಬೇರಿಕೆ, ಶೂಲಗಿರಿಗಳ ನಡುವೆ ಎಲೆಕೋಸು, ಹೂಕೋಸು, ಟೊಮೇಟೊ, ಬೀನ್ಸ್, ಗುಲಾಬಿಗಳ ಬೇಸಾಯ ಹಬ್ಬಿದೆ. ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸುಗಳಲ್ಲಿ ಅರಳಿದ ಗುಲಾಬಿ ಫೆಬ್ರುವರಿ ತಿಂಗಳಿನಲ್ಲಿ ಹೊರದೇಶಗಳಿಗೂ ಹೋಗುತ್ತದೆ. ಈ ಬೆಳೆಗಳ ಜೊತೆಗೆ ಕೀಟನಾಶಕವೂ ಬಂದಿದೆ. ನಮ್ಮ ಅನೇಕ ಸಹಪಾಠಿಗಳಿಗೆ, ಅವರ ಮಕ್ಕಳಿಗೆ ಅದು ದಿನನಿತ್ಯದ ಕೆಲಸದ ಭಾಗವಾಗಿದೆ. ಅದನ್ನು ತಿಳಿದು ಬಳಸುವುದು ಹೇಗೆಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ವಿಷವು ದೇಹವನ್ನು ಸೇರುವ ಬಗೆ

ಬಾಯಿಗೆ ಹೋದರೆ ಮಾತ್ರ ವಿಷ ಎಂಬುದು ಸಾಮಾನ್ಯ ತಿಳಿವಳಿಕೆ. ಕೀಟನಾಶಕಕ್ಕೆ ದೇಹದೊಳಗೆ ಪ್ರವೇಶಿಸಲು ಮೂರು ದಾರಿಗಳಿವೆ: ಬಾಯಿ, ಉಸಿರು ಮತ್ತು ಚರ್ಮ. ಸಿಂಪಡಿಸುವ ಕೆಲಸದಲ್ಲಿ ಇವುಗಳ ಪೈಕಿ ಅತಿ ಮುಖ್ಯವಾದುದು ಚರ್ಮ.

ಚರ್ಮವೆಲ್ಲವೂ ಒಂದೇ ಸಮನಾಗಿ ವಿಷವನ್ನು ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಕುರಿತು 1971ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಮುಂಗೈಯ ಚರ್ಮ ಹೀರುವ ಪ್ರಮಾಣವನ್ನು ಒಂದು ಎಂದಿಟ್ಟುಕೊಂಡರೆ ಹಣೆ ಮತ್ತು ನೆತ್ತಿಯ ಚರ್ಮ ಸುಮಾರು 4 ಪಟ್ಟು, ಕಂಕುಳು 7 ಪಟ್ಟಿಗೂ ಹೆಚ್ಚು, ವೃಷಣದ ಚರ್ಮ ಸುಮಾರು 12 ಪಟ್ಟು ಹೀರುತ್ತದೆ. ಬೆನ್ನಿಗೆ ಹೊತ್ತ ಸ್ಪ್ರೇಯರಿನ ಮುಚ್ಚಳ ಸೋರಿದರೆ ದ್ರಾವಣ ಹರಿದುಬರುವುದು ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ತೊಡೆಸಂದಿಗೆ. ಅತಿ ಬೇಗ ಹೀರುವ ಜಾಗಕ್ಕೇ ಅದು ತಲಪುತ್ತದೆ. ಒದ್ದೆಯಾದ ಲುಂಗಿಯಲ್ಲಿಯೇ ಮಧ್ಯಾಹ್ನದವರೆಗೆ ದುಡಿಯುವವನು ತನಗರಿವಿಲ್ಲದಂತೆಯೇ ವಿಷವನ್ನು ಒಳಕ್ಕೆ ತೆಗೆದುಕೊಳ್ಳುತ್ತಿರುತ್ತಾನೆ.

ಒಳಸೇರಿದ ವಿಷ ಮಾಡುವುದೇನು? ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಹುಳುವನ್ನು ಕೊಲ್ಲುವುದು ಅದರ ನರಮಂಡಲವನ್ನು ಕೆಡಿಸುವುದರ ಮೂಲಕ. ನರದ ತುದಿಯಲ್ಲಿ ಸಂದೇಶವನ್ನು ದಾಟಿಸುವ ರಾಸಾಯನಿಕವೊಂದಿದೆ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕಲು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವೂ ಇದೆ. ಕೀಟನಾಶಕವು ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ನರಗಳ ಸಂದೇಶ ನಿಲ್ಲದೆ ಹರಿಯುತ್ತದೆ. ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮಾಂಸಖಂಡಗಳು ಅದುರುತ್ತವೆ. ಕೊನೆಗೆ ಉಸಿರಾಟ ನಿಲ್ಲಬಹುದು. ಇದೇ ಕಿಣ್ವ ಮನುಷ್ಯನ ದೇಹದಲ್ಲಿಯೂ ಇದೆ ಎಂಬುದೇ ನಾವು ನೆನಪಿಡಬೇಕಾದ ಸಂಗತಿ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ವರ್ಷ ಹತ್ತಿ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು. ಮೇಲಕ್ಕೆ ಹೊಡೆದ ಮಂಜು ಹೊಡೆಯುವವರ ಮೈಮೇಲೆಯೇ ಇಳಿಯಿತು. ಹೀಗೆ ವಿಷಕ್ಕೆ ಸಿಕ್ಕವರಲ್ಲಿ ಕೂಲಿಗೆ ಹೋದವರು ಅನೇಕರಿದ್ದರು.

ಕಾಸರಗೋಡು ಕಲಿಸಿದ ಪಾಠ

ಸಿಂಪಡಿಸಿದ ವಿಷ ಸಿಂಪಡಿಸಿದ ಕಡೆಯೇ ನಿಲ್ಲುವುದಿಲ್ಲ. ಗಾಳಿಯೊಡನೆ, ನೀರಿನೊಡನೆ ನೆರೆಹೊರೆಗೂ ಹೋಗುತ್ತದೆ. ಇದಕ್ಕೆ ಅತ್ಯಂತ ದಾರುಣವಾದ ನಿದರ್ಶನವನ್ನು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡನಾಡಿನಲ್ಲಿ ಕಾಣಬಹುದು. ಅಲ್ಲಿ ಕೇರಳ ತೋಟಗಾರಿಕಾ ನಿಗಮದ ಗೇರುತೋಟಗಳಿಗೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ತೋಟಗಳಿದ್ದುದು ಗುಡ್ಡಗಳ ಮೇಲೆ, ಮನೆಗಳೂ ತೊರೆಗಳೂ ಸುರಂಗಗಳೂ ಇದ್ದುದು ಕೆಳಗೆ. ಎಣ್ಮಕಜೆ, ಪಡ್ರೆ, ಬೆಳ್ಳೂರು, ಮುಳಿಯಾರು ಮೊದಲಾದ ಊರುಗಳಲ್ಲಿ ಅಂಗವೈಕಲ್ಯ ಮತ್ತು ಬುದ್ಧಿಮಾಂದ್ಯದೊಡನೆ ಮಕ್ಕಳು ಹುಟ್ಟಿದರು.

ಅಪಾಯವನ್ನು ಮೊದಲು ಗುರುತಿಸಿದವರು ಸ್ಥಳೀಯರೇ. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಊನವಾಗಿ ಹುಟ್ಟಿದ ಕರುಗಳ ಬಗೆಗೆ ಬರೆದರು. ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಒಂದು ಸಾಮ್ಯವನ್ನು ಗಮನಿಸಿ ದಾಖಲಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಅಧ್ಯಯನ ನಡೆಸಿ, ಹುಟ್ಟಿನಿಂದ ಬರುವ ಊನಗಳೂ ನರಸಂಬಂಧಿ ತೊಂದರೆಗಳೂ ಅಲ್ಲಿ ಹೆಚ್ಚಾಗಿರುವುದನ್ನು ವರದಿ ಮಾಡಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆದರೆ ಕಳೆದುಹೋದ ಬಾಲ್ಯವನ್ನು ಪರಿಹಾರಧನ ಮರಳಿ ತರಲಾರದು.

ನಮ್ಮಲ್ಲಿ ಹೆಲಿಕಾಪ್ಟರ್ ಬಾರದಿರಬಹುದು. ಆದರೆ ಗಾಳಿಯೊಡನೆ ವಿಷ ತೇಲಿಹೋಗುವುದನ್ನು ಅರಿಯಲು ರೇಷ್ಮೆ ಸಾಕುವವರನ್ನು ಕೇಳಿದರೆ ಸಾಕು. ಪಕ್ಕದ ಟೊಮೇಟೊ ಹೊಲಕ್ಕೆ ಹೊಡೆದ ಕೀಟನಾಶಕ ಹಿಪ್ಪುನೇರಳೆಯ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಬಿದ್ದಿದ್ದರೂ, ಆ ಸೊಪ್ಪನ್ನು ತಿಂದ ಹುಳುಗಳು ಚಂದ್ರಿಕೆ ಏರುವ ಮೊದಲೇ ಸಾಯುತ್ತವೆ. ರೇಷ್ಮೆಹುಳು ನಮಗೆ ಕೊಡುವ ಎಚ್ಚರಿಕೆಯೆಂದೇ ಅದನ್ನು ತಿಳಿಯಬೇಕು.

ಡಬ್ಬಿಯ ಮೇಲಿನ ಬಣ್ಣ ಮತ್ತು ಬರಹ

ನಮ್ಮ ದೇಶದಲ್ಲಿ ಕೀಟನಾಶಕಗಳನ್ನು ನಿಯಂತ್ರಿಸಲು 1968ರ ಕೀಟನಾಶಕ ಕಾಯಿದೆ ಮತ್ತು ಅದರ ಅಡಿಯ 1971ರ ನಿಯಮಗಳಿವೆ. ಇವುಗಳ ಪ್ರಕಾರ ಪ್ರತಿಯೊಂದು ಡಬ್ಬಿಯ ಮೇಲೆಯೂ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರಬೇಕು. ಅದರ ಕೆಳಗಿನ ಅರ್ಧದ ಬಣ್ಣ ವಿಷದ ತೀವ್ರತೆಯನ್ನು ತಿಳಿಸುತ್ತದೆ.

ಕೆಂಪು: ಅತ್ಯಂತ ಉಗ್ರ ವಿಷ. ಮೇಲಿನ ಅರ್ಧದಲ್ಲಿ ತಲೆಬುರುಡೆ ಮತ್ತು ಅಡ್ಡ ಎಲುಬುಗಳ ಚಿತ್ರ, ‘ವಿಷ’ ಎಂಬ ಪದ.
ಹಳದಿ: ಹೆಚ್ಚಿನ ವಿಷ. ಇಲ್ಲಿಯೂ ‘ವಿಷ’ ಎಂಬ ಪದವಿರುತ್ತದೆ.
ನೀಲಿ: ಮಧ್ಯಮ ವಿಷ. ‘ಅಪಾಯ’ ಎಂಬ ಪದವಿರುತ್ತದೆ.
ಹಸಿರು: ಅಲ್ಪ ವಿಷ. ‘ಎಚ್ಚರಿಕೆ’ ಎಂಬ ಪದವಿರುತ್ತದೆ.

ಹಸಿರೆಂದರೆ ವಿಷವಿಲ್ಲವೆಂದಲ್ಲ, ಕಡಿಮೆ ಎಂದಷ್ಟೇ ಅರ್ಥ. ಅಲ್ಲದೆ ಈ ವಿಂಗಡಣೆ ಕೂಡಲೇ ಆಗುವ ಹಾನಿಯನ್ನು ಆಧರಿಸಿದ್ದು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಮೈಸೇರುವುದರಿಂದ ಆಗುವ ಹಾನಿಯನ್ನು ಬಣ್ಣ ಹೇಳುವುದಿಲ್ಲ.

ಡಬ್ಬಿಯೊಡನೆ ಮಡಚಿಟ್ಟ ಒಂದು ಕಾಗದವಿರುತ್ತದೆ. ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ನೀರಿಗೆ ಎಷ್ಟು ಪ್ರಮಾಣ, ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕು, ವಿಷವೇರಿದರೆ ಚಿಹ್ನೆಗಳೇನು, ಪ್ರತಿವಿಷ ಯಾವುದು ಎಂಬುದೆಲ್ಲ ಅದರಲ್ಲಿದೆ. ಲೇಬಲ್ ಮತ್ತು ಈ ಕಾಗದ ಹಿಂದಿ, ಇಂಗ್ಲಿಷ್‌ಗಳಲ್ಲದೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರಬೇಕೆಂದು ನಿಯಮವಿದೆ. ಗಡಿಯ ಊರಾದ ನಮ್ಮಲ್ಲಿ ಹೊಸೂರಿನಿಂದ ತಂದ ಡಬ್ಬಿಯಲ್ಲಿ ತಮಿಳು, ಮಾಲೂರಿನಿಂದ ತಂದುದರಲ್ಲಿ ಕನ್ನಡ ಇರಬಹುದು. ಅಕ್ಷರ ಬಹಳ ಸಣ್ಣದು. ಬಹುಮಟ್ಟಿಗೆ ಆ ಕಾಗದ ಬಿಚ್ಚದೆಯೇ ಕಸ ಸೇರುತ್ತದೆ. ಅಂಗಡಿಯವರು ಬಾಯಲ್ಲಿ ಹೇಳಿದುದೇ ಪ್ರಮಾಣವಾಗುತ್ತದೆ.

ಕೊಳ್ಳುವಾಗ ರಸೀದಿಯನ್ನು ತಪ್ಪದೆ ಕೇಳಬೇಕು. ಮೊಹರು ಒಡೆದ ಡಬ್ಬಿಯನ್ನು, ಬೇರೆ ಬಾಟಲಿಗೆ ಸುರಿದು ಕೊಟ್ಟುದನ್ನು ಕೊಳ್ಳಬಾರದು. ನಿಷೇಧಗಳನ್ನೂ ತಿಳಿದಿರಬೇಕು. ತರಕಾರಿಗಳ ಮೇಲೆ ಮೊನೊಕ್ರೋಟೊಫಾಸ್ ಬಳಕೆಯನ್ನು ಕೇಂದ್ರ ಸರ್ಕಾರ 2005ರಲ್ಲಿಯೇ ನಿಷೇಧಿಸಿತು. 2018ರ ಆದೇಶದಂತೆ ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್ವಾಸ್‌ಗಳ ಬಳಕೆ 2020ರ ಡಿಸೆಂಬರ್ 31ರಿಂದ ಸಂಪೂರ್ಣವಾಗಿ ನಿಲ್ಲಬೇಕಾಗಿತ್ತು. ಹಳೆಯ ದಾಸ್ತಾನು ಎಂದು ಯಾರಾದರೂ ಕೊಟ್ಟರೂ ಇವುಗಳನ್ನು ಮುಟ್ಟಬಾರದು.

ಪಾಲಿಹೌಸಿನಲ್ಲಿ ವಿಶೇಷ ಎಚ್ಚರ

ಬಯಲು ಹೊಲದಲ್ಲಿ ಗಾಳಿ ಬೀಸುತ್ತದೆ, ಮಳೆ ತೊಳೆಯುತ್ತದೆ. ಪಾಲಿಹೌಸಿನಲ್ಲಿ ಇವೆರಡೂ ಕಡಿಮೆ. ಒಳಗಿನ ಸೆಕೆಗೆ ಕೆಲಸಗಾರರ ಮೈ ಬೆವರುತ್ತದೆ. ಬೆವರಿದ ಚರ್ಮ ವಿಷವನ್ನು ಬೇಗ ಹೀರುತ್ತದೆ. ಬೂದಿ ರೋಗ, ನುಸಿ, ಥ್ರಿಪ್ಸ್ ಮೊದಲಾದವುಗಳಿಗಾಗಿ ಗುಲಾಬಿಗೆ ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತದೆ. ಹೂವು ತಿನ್ನುವ ವಸ್ತುವಲ್ಲವಾದುದರಿಂದ ಕೊಯ್ಲಿಗೆ ಮುನ್ನ ಕಾಯುವ ಅಭ್ಯಾಸವೂ ಕಡಿಮೆ.

ಆದರೆ ಹೂವನ್ನು ತಿನ್ನದಿದ್ದರೂ ಮುಟ್ಟುವವರಿದ್ದಾರೆ. ಕೊಯ್ಯುವವರು, ಮುಳ್ಳು ಬಿಡಿಸುವವರು, ವಿಂಗಡಿಸಿ ಕಟ್ಟುವವರು ಹೆಚ್ಚಾಗಿ ನಮ್ಮ ಅಕ್ಕತಂಗಿಯರು. ಬೆಲ್ಜಿಯಂ ದೇಶದ ಹೂವಿನ ಅಂಗಡಿಗಳ ಗುಲಾಬಿ, ಜರ್ಬೆರಾ, ಸೇವಂತಿಗೆಗಳ 90 ಗುಚ್ಛಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 107 ಬಗೆಯ ಪೀಡೆನಾಶಕಗಳ ಶೇಷ ಕಂಡುಬಂತು. ಗುಲಾಬಿಯಲ್ಲಿಯೇ ಅದು ಅತಿ ಹೆಚ್ಚು. ದೂರದ ಅಂಗಡಿಯ ಹೂವಿನಲ್ಲಿಯೇ ಇಷ್ಟು ಉಳಿದಿದ್ದರೆ, ಸಿಂಪಡಿಸಿದ ಮರುದಿನ ಬೆಳಿಗ್ಗೆ ಗಿಡದಿಂದ ಕೊಯ್ಯುವವರ ಬೆರಳಿಗೆ ಎಷ್ಟು ಅಂಟೀತೆಂಬುದನ್ನು ಊಹಿಸಬಹುದು.

ನಮ್ಮ ಕಡೆಯ ಒಂದು ತೋಟದಲ್ಲಿ ನಡೆದ ಸಂಗತಿ ನನಗೆ ಹತ್ತಿರದಿಂದ ತಿಳಿದಿದೆ. ಬೆಳಿಗ್ಗೆ ಸಿಂಪಡಿಸಿದ ಪಾಲಿಹೌಸಿಗೆ ಸ್ವಲ್ಪ ಹೊತ್ತಿನಲ್ಲಿಯೇ ಹೆಂಗಸರನ್ನು ಹೂ ಕೊಯ್ಯಲು ಕಳುಹಿಸಲಾಯಿತು. ಅವರಲ್ಲೊಬ್ಬಾಕೆಗೆ ತಲೆಸುತ್ತು, ವಾಂತಿ ಆಗಿ ಕುಸಿದಳು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಹೊಡೆದ ಔಷಧಿ ಯಾವುದು?’ ಕರೆತಂದವರಲ್ಲಿ ಯಾರಿಗೂ ಹೆಸರು ಗೊತ್ತಿರಲಿಲ್ಲ. ಆಕೆಯ ಮಗಳು ಶಾಲೆಗೆ ಹೋಗುವ ಹುಡುಗಿ. ಅವಳು ತೋಟಕ್ಕೆ ಓಡಿ, ಗೋದಾಮಿನ ಬಾಗಿಲಲ್ಲಿ ಬಿದ್ದಿದ್ದ ಡಬ್ಬಿಯ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಳು. ಆಮೇಲೆ ಚಿಕಿತ್ಸೆ ನೇರವಾಯಿತು, ತಾಯಿ ಉಳಿದಳು.

ಆದುದರಿಂದ ಪಾಲಿಹೌಸಿನಲ್ಲಿ ಸಂಜೆ, ಉಳಿದವರೆಲ್ಲ ಹೊರಟ ಮೇಲೆ ಸಿಂಪಡಿಸುವುದು ಒಳ್ಳೆಯದು. ಬಾಗಿಲಿಗೆ ‘ಔಷಧಿ ಹೊಡೆದಿದೆ, ಒಳಗೆ ಬರಬೇಡಿ’ ಎಂಬ ಫಲಕವನ್ನು ಊರಿನ ಭಾಷೆಗಳಲ್ಲಿ, ತಲೆಬುರುಡೆಯ ಚಿತ್ರದೊಡನೆ ತೂಗುಹಾಕಬೇಕು. ಲೇಬಲ್ ಹೇಳಿದಷ್ಟು ಕಾಲ ಕಾಯ್ದು, ಪರದೆಗಳನ್ನು ಎತ್ತಿ ಗಾಳಿಯಾಡಿಸಿ, ಎಲೆ ಪೂರ್ತಿ ಒಣಗಿದ ಮೇಲೆಯೇ ಕೆಲಸದವರನ್ನು ಒಳಬಿಡಬೇಕು. ಕೊಯ್ಯುವವರಿಗೂ ಕೈಗವಸು ಬೇಕು.

ಸಿಂಪಡಿಸುವವರು ಪಾಲಿಸಬೇಕಾದ ನಿಯಮಗಳು

1. ಸ್ಪ್ರೇಯರನ್ನು ಮೊದಲು ಬರಿಯ ನೀರು ತುಂಬಿ ಪರೀಕ್ಷಿಸಬೇಕು. ಸೋರುವ ಸ್ಪ್ರೇಯರನ್ನು ಬೆನ್ನಿಗೇರಿಸಬಾರದು.
2. ಮಿಶ್ರಣ ಮಾಡುವ ಹೊತ್ತು ಅತ್ಯಂತ ಅಪಾಯದ್ದು, ಏಕೆಂದರೆ ಆಗ ಕೈಯಲ್ಲಿರುವುದು ನೀರು ಬೆರೆಯದ ವಿಷ. ಅಳತೆಯ ಲೋಟದಿಂದ ಅಳೆದು, ಉದ್ದನೆಯ ಕೋಲಿನಿಂದ ಕಲಕಬೇಕು. ಅಡುಗೆಮನೆಯ ಚಮಚ, ಕುಡಿಯುವ ನೀರಿನ ಬಿಂದಿಗೆ ಇದಕ್ಕೆ ಸಲ್ಲವು.
3. ತುಂಬುತೋಳಿನ ಅಂಗಿ, ಉದ್ದನೆಯ ಪ್ಯಾಂಟು, ಟೋಪಿ, ಕನ್ನಡಕ, ರಬ್ಬರ್ ಬೂಟು ಇರಬೇಕು. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ. ಕೈಗವಸು ನೈಟ್ರೈಲ್ ರಬ್ಬರಿನದಾಗಿರಬೇಕು. ಬಟ್ಟೆಯ ಅಥವಾ ಚರ್ಮದ ಕೈಗವಸು ವಿಷವನ್ನು ಹೀರಿ ಕೈಗೇ ಅಂಟಿಸುತ್ತದೆ. ಸೆಕೆಯಲ್ಲಿ ಪೂರ್ಣ ಕವಚ ತೊಡಲಾಗದಿದ್ದರೆ ಬೆನ್ನಿಗೂ ಮುಂಭಾಗಕ್ಕೂ ಪ್ಲಾಸ್ಟಿಕ್ ಹಾಳೆಯನ್ನಾದರೂ ಕಟ್ಟಿಕೊಳ್ಳಬೇಕು.
4. ಮುಖಕ್ಕೆ ಸುತ್ತಿದ ಟವೆಲ್ ರಕ್ಷಣೆಯಲ್ಲ. ಅದು ಒದ್ದೆಯಾದ ಮೇಲೆ ಮೂಗಿನೆದುರಿಗೇ ವಿಷ ಹಿಡಿದಂತೆ. ಲೇಬಲ್ ಸೂಚಿಸಿದ ಮುಖವಾಡವನ್ನೇ ಬಳಸಬೇಕು.
5. ಬೆಳಿಗ್ಗೆ ಅಥವಾ ಸಂಜೆ ತಂಪಿನಲ್ಲಿ, ಗಾಳಿ ಕಡಿಮೆಯಿರುವಾಗ ಸಿಂಪಡಿಸಬೇಕು. ಗಾಳಿಗೆದುರಾಗಿ ಎಂದಿಗೂ ಹೊಡೆಯಬಾರದು.
6. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಬಾರದು. ಹುಲ್ಲುಕಡ್ಡಿಯಿಂದ ಬಿಡಿಸಿ ನೀರಿನಲ್ಲಿ ತೊಳೆಯಬೇಕು.
7. ಕೆಲಸದ ನಡುವೆ ಬೀಡಿ, ಎಲೆಅಡಿಕೆ, ತಿಂಡಿ ಕೂಡದು. ಊಟಕ್ಕೆ ಮುನ್ನವೂ, ಮೂತ್ರವಿಸರ್ಜನೆಗೆ ಮುನ್ನವೂ ಸೋಪು ಹಚ್ಚಿ ಕೈ ತೊಳೆಯಬೇಕು.
8. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ ಬೇರೆ ಬಟ್ಟೆ ತೊಡಬೇಕು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯೊಡನೆ ನೆನೆಹಾಕಬಾರದು. ಒಗೆಯುವ ಗೃಹಿಣಿಯೂ ಕೈಗವಸು ತೊಡಬೇಕು.
9. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, 18 ವರ್ಷ ತುಂಬದವರು ಈ ಕೆಲಸಕ್ಕೆ ಬರಕೂಡದು. ರಜೆಯ ದಿನ ಮಕ್ಕಳಿಂದ ನೀರು ಹೊರಿಸುವುದೂ, ಡಬ್ಬಿ ತೊಳೆಸುವುದೂ ತಪ್ಪು.

ಮಾಲೀಕರ ಹೊಣೆ

ಮೇಲಿನವನ್ನೆಲ್ಲ ಕೂಲಿಯವನೊಬ್ಬನ ಎಚ್ಚರಕ್ಕೇ ಬಿಡುವುದು ನ್ಯಾಯವಲ್ಲ. ದಿನಗೂಲಿಗೆ ಬಂದವನು ಕೈಗವಸನ್ನು ತನ್ನ ದುಡ್ಡಿನಿಂದ ಕೊಳ್ಳಲಾರ. 1971ರ ನಿಯಮಗಳು ಕೀಟನಾಶಕದ ಕೆಲಸದಲ್ಲಿ ತೊಡಗುವವರಿಗೆ ರಕ್ಷಣಾ ಉಡುಪು, ಉಸಿರಾಟದ ರಕ್ಷಣೆ, ತರಬೇತಿ ಮತ್ತು ಪ್ರಥಮ ಚಿಕಿತ್ಸೆಯ ಬಗೆಗೆ ಹೇಳುತ್ತವೆ. ಕೆಲಸಕ್ಕೆ ಸೇರುವ ಮೊದಲೂ, ಅನಂತರ ವರ್ಷಕ್ಕೊಮ್ಮೆಯಾದರೂ ಸಿಂಪಡಿಸುವವರ ವೈದ್ಯಕೀಯ ಪರೀಕ್ಷೆ ನಡೆಯಬೇಕೆಂದೂ ವಿಧಿಸುತ್ತವೆ. ಮೊದಲು ತಿಳಿಸಿದ ಕಿಣ್ವದ ಮಟ್ಟವನ್ನು ರಕ್ತಪರೀಕ್ಷೆಯಿಂದ ಅಳೆದರೆ ಕಾಯಿಲೆ ಹೊರಬೀಳುವ ಮುನ್ನವೇ ಅಪಾಯ ತಿಳಿಯುತ್ತದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ತೋಟಗಳ ಒಡೆಯರೂ ಮೇಲ್ವಿಚಾರಕರೂ ಇದ್ದಾರೆ. ಅವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ.

ದಾಸ್ತಾನು ಮತ್ತು ಖಾಲಿ ಡಬ್ಬಿ

2013ರ ಜುಲೈ 16ರಂದು ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಸೇರಿತ್ತು. ವಿಷ ತುಂಬಿದ್ದ ಡಬ್ಬಿಯನ್ನು ಎಣ್ಣೆಗೆ ಬಳಸಿದುದೇ ಕಾರಣವೆಂದು ಕಂಡುಬಂತು. ಖಾಲಿ ಡಬ್ಬಿ ಎಂಬುದು ಎಂದಿಗೂ ಖಾಲಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಡಬ್ಬಿಯನ್ನು ಮೂರು ಬಾರಿ ನೀರಿನಿಂದ ಕುಲುಕಿ, ಆ ನೀರನ್ನು ಸ್ಪ್ರೇಯರಿಗೇ ಸುರಿಯಬೇಕು. ಬಳಿಕ ಡಬ್ಬಿಗೆ ತೂತು ಮಾಡಿ ಅಥವಾ ಒಡೆದು, ಮನೆ ಮತ್ತು ನೀರಿನಿಂದ ದೂರದಲ್ಲಿ ಹೂಳಬೇಕು. ಸುಡಬಾರದು, ಅದರ ಹೊಗೆಯೂ ವಿಷವೇ. ಸ್ಪ್ರೇಯರನ್ನು ಕೆರೆಯಲ್ಲಾಗಲಿ ಬಾವಿಯ ಬಳಿಯಲ್ಲಾಗಲಿ ತೊಳೆಯಬಾರದು. ಉಳಿದ ಕೀಟನಾಶಕವನ್ನು ಅದರ ಮೂಲ ಡಬ್ಬಿಯಲ್ಲಿಯೇ, ಮನೆಯಿಂದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ಮನಸ್ಸಿಗೆ ನೋವಾದ ಗಳಿಗೆಯಲ್ಲಿ ಕೈಗೆ ಸುಲಭವಾಗಿ ಸಿಕ್ಕ ಡಬ್ಬಿಯಿಂದ ಹಳ್ಳಿಗಳಲ್ಲಿ ಎಷ್ಟೋ ಜೀವಗಳು ಹೋಗಿವೆ. ಒಂದು ಬೀಗ ಆ ಗಳಿಗೆಯನ್ನು ದಾಟಿಸಬಲ್ಲುದು.

ವಿಷವೇರಿದಾಗ

ತಲೆನೋವು, ತಲೆಸುತ್ತು, ಕಣ್ಣು ಮಂಜಾಗುವುದು, ಅತಿಯಾದ ಬೆವರು ಅಥವಾ ಜೊಲ್ಲು, ವಾಂತಿ, ಹೊಟ್ಟೆನುಲಿತ, ನಡುಕ, ಇವುಗಳಲ್ಲಿ ಯಾವುದು ಕಂಡರೂ ‘ಬಿಸಿಲಿಗೆ ಹೀಗಾಗಿದೆ’ ಎಂದು ಕಡೆಗಣಿಸದೆ ಕೆಲಸ ನಿಲ್ಲಿಸಬೇಕು. ರೋಗಿಯನ್ನು ಗಾಳಿಯಾಡುವ ಕಡೆಗೆ ತಂದು, ಒದ್ದೆ ಬಟ್ಟೆಗಳನ್ನೆಲ್ಲ ತೆಗೆದು, ಸೋಪು ಮತ್ತು ಧಾರಾಳ ನೀರಿನಿಂದ ಮೈ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಶುದ್ಧ ನೀರು ಹರಿಸಬೇಕು. ಉಪಚರಿಸುವವರೂ ಕೈಗೆ ಗವಸು ತೊಡಬೇಕು, ಇಲ್ಲವೇ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಅಥವಾ ಎಣ್ಣೆ ಕುಡಿಸುವುದು ಅಪಾಯಕರ. ಪ್ರಜ್ಞೆ ತಪ್ಪಿದವರನ್ನು ಎಡಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಡಬ್ಬಿಯನ್ನು ಅಥವಾ ಲೇಬಲನ್ನು ಜೊತೆಯಲ್ಲಿ ಒಯ್ಯುವುದನ್ನು ಮರೆಯಬಾರದು. ಅಟ್ರೋಪಿನ್‌ನಂಥ ಪ್ರತಿವಿಷ ಎಲ್ಲ ಕೀಟನಾಶಕಗಳಿಗೂ ಸಲ್ಲುವುದಿಲ್ಲ. ಯಾವುದಕ್ಕೆ ಏನೆಂದು ನಿರ್ಧರಿಸಲು ವೈದ್ಯರಿಗೆ ಆ ಹೆಸರು ಬೇಕು.

ವಿಷವನ್ನು ಕಡಿಮೆ ಮಾಡುವ ದಾರಿ

ಬಳಸದ ವಿಷವೇ ಎಲ್ಲಕ್ಕಿಂತ ಸುರಕ್ಷಿತ. ಎಲೆಕೋಸನ್ನು ಕಾಡುವ ವಜ್ರಬೆನ್ನಿನ ಪತಂಗ ಡಿ.ಡಿ.ಟಿ.ಗೆ ಬಗ್ಗದಾದುದು ಜಾವಾ ದ್ವೀಪದಲ್ಲಿ 1950ರ ದಶಕದ ಆರಂಭದಲ್ಲಿಯೇ ಕಂಡುಬಂತು. ಹೆಚ್ಚು ಹೆಚ್ಚು ಹೊಡೆದಷ್ಟೂ ಬದುಕುಳಿಯುವುದು ವಿಷವನ್ನು ತಾಳಬಲ್ಲ ಹುಳುಗಳೇ. ಇದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿದ ಉಪಾಯ ಸರಳವಾದುದು. ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಬೆಳೆಯಬೇಕು. ಒಂದು ಸಾಲನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಗಳ ಅನಂತರ ಬಿತ್ತಬೇಕು. ಪತಂಗ ಕೋಸನ್ನು ಬಿಟ್ಟು ಸಾಸಿವೆಗೆ ಹೋಗುತ್ತದೆ. ಹಾಗೆಯೇ 16 ಸಾಲು ಟೊಮೇಟೊಗೆ ಒಂದು ಸಾಲು ಚೆಂಡುಹೂ ನೆಟ್ಟರೆ ಕಾಯಿಕೊರಕ ಚೆಂಡುಹೂವಿನತ್ತ ಸೆಳೆಯಲ್ಪಡುತ್ತದೆ. 100 ಲೀಟರ್ ನೀರಿಗೆ 4ರಿಂದ 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿ ನೆನೆಸಿ ಸೋಸಿದ ಕಷಾಯವೂ ಪರಿಣಾಮಕಾರಿ. ಇವುಗಳಿಂದ ಸಿಂಪರಣೆಯ ಸಂಖ್ಯೆ ತಗ್ಗುತ್ತದೆ, ಖರ್ಚೂ ಉಳಿಯುತ್ತದೆ.

ಅಕ್ಷರ ಬಲ್ಲವರ ಕರ್ತವ್ಯ

ಐವತ್ತು ವರ್ಷಗಳಲ್ಲಿ ಈ ಶಾಲೆ ಗಡಿನಾಡಿನ ನೂರಾರು ಮನೆಗಳಿಗೆ ಅಕ್ಷರವನ್ನು ಕೊಟ್ಟಿದೆ. ಇಂದಿನ ನಮ್ಮ ಮಕ್ಕಳು ಕನ್ನಡದೊಂದಿಗೆ ತಮಿಳನ್ನೂ ಇಂಗ್ಲಿಷನ್ನೂ ಓದಬಲ್ಲರು. ಹೀಗಿರುವಾಗ ಕೀಟನಾಶಕದ ಡಬ್ಬಿಯೊಡನೆ ಬರುವ ಕಾಗದವು ಯಾರ ಮನೆಯಲ್ಲಿಯೂ ಓದದೆ ಕಸ ಸೇರಬಾರದು. ವಿಷಕ್ಕೆ ಹೆಚ್ಚು ಸಿಕ್ಕುವವರು ಓದು ಬಾರದ ಕೂಲಿಯವರು, ಅದನ್ನು ಓದಬಲ್ಲವರು ಅವರ ಪಕ್ಕದಲ್ಲಿಯೇ ಇರುವ ನಾವು. ಸಿಂಪಡಿಸುವ ದಿನದ ಮುನ್ನಾ ಸಂಜೆ ಆ ಕಾಗದವನ್ನು ಬಿಚ್ಚಿ, ಸಿಂಪಡಿಸುವವರನ್ನು ಕೂರಿಸಿಕೊಂಡು, ಅವರಿಗೆ ತಿಳಿಯುವ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳಲು ಹತ್ತು ನಿಮಿಷ ಸಾಕು. ಶಾಲೆಯ ವಿಜ್ಞಾನದ ತರಗತಿಯಲ್ಲಿ ಆ ನಾಲ್ಕು ಬಣ್ಣಗಳ ಪರಿಚಯ ಮಾಡಿಸುವುದೂ ಕಷ್ಟವಲ್ಲ. ಹಳೆಯ ವಿದ್ಯಾರ್ಥಿಗಳ ಸಂಘವು ಅವುಗಳ ಚಿತ್ರಪಟವೊಂದನ್ನು ಮಾಡಿಸಿ ಪ್ರತಿ ಊರಿನ ಹಾಲಿನ ಡೈರಿಯಲ್ಲಿ ತೂಗುಹಾಕಿಸಬಹುದು.

ಶಾಲೆಯಲ್ಲಿ ಕಲಿತ ಅಕ್ಷರವು ದುಡಿಯುವವರ ಪ್ರಾಣವನ್ನು ಕಾಯಲು ಒದಗಲಿ.